ಗೊನ್ಸಾಲೆಸ್ ಅಣ್ಣ ತಮ್ಮಂದಿರ ‘ರುಂಬಾ ಪಾರಾ ಮಂಕ್’: ಇದರಲ್ಲಿ ಸಮ್ ಎಲ್ಲಿದೆ?

ತಬಲಾ ಮಾಸ್ತರ್, ಧಾರವಾಡ:
ಶಿಷ್ಯನೊಬ್ಬ ಪೆನ್‌ಡ್ರೈವ್‌ನಲ್ಲಿ ಈ ಆಲ್ಬಮ್ ಹಾಕಿಕೊಟ್ಟ. 1989ರದು. ಜೆರಿ ಗೊನ್ಸಾಲೆಸ್ ಟ್ರಂಪೆಟ್ ಊದುತ್ತಾರೆ, ಕಾಂಗಾನೂ (ಕೈಯಿಂದ ಬಾರಿಸುವ ಎತ್ತರದ ಡ್ರಮ್) ಬಾರಿಸುತ್ತಾರೆ. ತಮ್ಮ ಆಂಡಿಯದು ಬೇಸ್, ಅಂದರೆ ಮಂದ್ರ ಸ್ವರದ ತಂತಿವಾದ್ಯ. ಇಬ್ಬರೂ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಳೆದವರು, ಮನೆತನ ಪೋರ್ಟೊ ರಿಕೊದ್ದು. ಟ್ಯೂನ್‌ಗಳೆಲ್ಲ ಅಮೆರಿಕದ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅವರವು, ತಾಳ ಕ್ಯೂಬಾ ಕಡೆಯದು.

ಕಾಂಗಾ ಕೈ ಬಹಳ ಹಿಡಿಸಿತು. ಬೆರಳು ಚರ್ಮಕ್ಕೆ ಅಂಟಿಕೊಂಡು ‘ಟಪ್’ ಅನ್ನುವ ಪೆಟ್ಟು, ಅದರ ಹಿಂದೆಯೇ ತೆರೆದ ಕೈಯ ದುಂಡು ನಾದ. ಆದರೆ 16 ಮಾತ್ರೆಯ ತೀನತಾಲ ಹಿಡಿದು ಕೂತರೆ ನಾಲ್ಕು ಆವರ್ತನದೊಳಗೆ ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಕೈತಪ್ಪುತ್ತದೆ. ಇಷ್ಟು ವರ್ಷ ಸಾಥ್ ಮಾಡಿದವನಿಗೆ ಹೀಗಾದರೆ ಸಿಟ್ಟು ಬರುತ್ತದೆ ನೋಡಿ. ಇವರು ಎಲ್ಲಿಗೆ ಬಂದು ಕೂಡುತ್ತಾರೆ?

ಆರ್ಕೆಸ್ಟ್ರಾ ಬೇಸ್, ಹುಬ್ಬಳ್ಳಿ:
ಸರ್, ನಿಮ್ಮನ್ನು ಸತಾಯಿಸುತ್ತಿರುವುದು ಬೇಸ್. ಕ್ಯೂಬಾದ ಪದ್ಧತಿಯಲ್ಲಿ ಬೇಸ್ ಸಮ್ ಮೇಲೆ ಬೀಳುವುದೇ ಕಡಿಮೆ. 16 ಮಾತ್ರೆ ಎಣಿಸಿದರೆ ಅದರ ಮಾಮೂಲಿ ಜಾಗ 4, 7, 12, 15. ಅಂದರೆ 15ಕ್ಕೇ ಸ್ವರ ಬಾರಿಸಿ, 1ರ ಮೇಲೆ ಅದನ್ನೇ ಎಳೆದುಕೊಂಡು ಹೋಗುತ್ತಾರೆ. ನೀವು ಸಮ್‌ನ ‘ಧಾ’ ಪೆಟ್ಟಿಗೆ ಕಾಯುತ್ತಿರುತ್ತೀರಿ, ಅಲ್ಲಿ ಪೆಟ್ಟೇ ಇಲ್ಲ!

ಬೇಸ್ ಬಿಡಿ, ‘ಕ್ಲಾವೆ’ ಹಿಡಿಯಿರಿ, ಅಂದರೆ ಇಡೀ ಸಂಗೀತಕ್ಕೆ ಆಧಾರವಾಗಿ ಮರುಕಳಿಸುವ ಐದು ಪೆಟ್ಟಿನ ನಡೆ. ರುಂಬಾ ಎಂಬ ಕ್ಯೂಬಾದ ಶೈಲಿಯಲ್ಲಿ ಅದರ ಐದು ಪೆಟ್ಟು 1, 4, 8, 11, 13. ಇದರಲ್ಲಿ 1 ಮತ್ತು 13 ನಿಮ್ಮ ತೀನತಾಲದಲ್ಲಿ ಚಪ್ಪಾಳೆ ಬೀಳುವ ಜಾಗಗಳೇ. ಕೆಲವು ಸಲ ಇದು 11, 13ರ ಕಡೆಯಿಂದಲೂ ಶುರುವಾಗುತ್ತದೆ, ಎಚ್ಚರ. ಯಾರೂ ಇದನ್ನು ಬಾರಿಸದಿದ್ದರೂ ಎಲ್ಲರ ತಲೆಯಲ್ಲೂ ಓಡುತ್ತಿರುತ್ತದೆ. ಮೊದಲು ಈ ಆಲ್ಬಮ್‌ನ ‘ಬೈ-ಯಾ’ ಟ್ಯೂನ್ ಹಾಕಿ ಚಪ್ಪಾಳೆ ತಟ್ಟಿ ನೋಡಿ.

ಗದಗ ಹಾರ್ಮೋನಿಯಂ:
ಲೆಕ್ಕ ಸರಿ ಇದೆ. ಆದರೆ ಇವರು ಒಂದೇ ತಾಳದಲ್ಲಿ ನಿಲ್ಲುವವರಲ್ಲ. ಡ್ರಮ್ಸ್‌ನ ಸ್ಟೀವ್ ಬೆರಿಯೋಸ್ ರುಂಬಾದಿಂದ ಜಾಝ್‌ನ ತೂಗುವ ನಡೆ ‘ಸ್ವಿಂಗ್‌’ಗೆ ಹೊರಳುವುದು ಗೊತ್ತೇ ಆಗುವುದಿಲ್ಲ. ಆಗ ಕ್ಲಾವೆ ಹುಡುಕುತ್ತಾ ಕೂತರೆ ಮತ್ತೆ ತಪ್ಪುತ್ತೀರಿ. ನಾನಂತೂ ಮಂಕ್ ಟ್ಯೂನನ್ನೇ ಬಾಯಿಪಾಠ ಮಾಡಿಕೊಂಡೆ. ಬಂದಿಶ್ (ರಚನೆ) ಗೊತ್ತಿದ್ದರೆ ಮುಖಡಾ (ಸಮ್‌ಗೆ ಕರೆದೊಯ್ಯುವ ಸಾಲು) ಬಂದಾಗ ಸಮ್ ತಾನೇ ಸಿಗುತ್ತದೆ, ಅಲ್ವಾ?

ಆರ್ಕೆಸ್ಟ್ರಾ ಬೇಸ್, ಹುಬ್ಬಳ್ಳಿ:
ಅದೂ ಖರೆ. ಹಾಗಾದರೆ ‘ಲಿಟಲ್ ರೂಟಿ ಟೂಟಿ’ ಒಳ್ಳೇದು. ಮಂಕ್ ಅದರಲ್ಲಿ ರೈಲಿನ ಸೀಟಿ ತಂದಿದ್ದಾರೆ, ಒಂದಕ್ಕೊಂದು ತಾಗುವ ಸ್ವರಗಳನ್ನು ಒಟ್ಟಿಗೆ ಒತ್ತಿ. ಹುಬ್ಬಳ್ಳಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ತಬಲಾ ಮಾಸ್ತರ್, ಧಾರವಾಡ:
ಇಬ್ಬರಿಗೂ ಥ್ಯಾಂಕ್ಸ್ ರೀ. ‘ಬೈ-ಯಾ’ಕ್ಕೆ ಚಪ್ಪಾಳೆ ಕೂಡಿತು. 8ರ ಪೆಟ್ಟು ಮಾತ್ರ ಕೈ ಕೇಳುತ್ತಿಲ್ಲ, 7ಕ್ಕೇ ಓಡುತ್ತದೆ.

ಆರ್ಕೆಸ್ಟ್ರಾ ಬೇಸ್, ಹುಬ್ಬಳ್ಳಿ:
7ಕ್ಕೆ ಬಿದ್ದರೆ ಅದು ‘ಸೋನ್’ ಕ್ಲಾವೆ ಸರ್. ಅದೂ ಕ್ಯೂಬಾದ್ದೇ. ಈ ಆಲ್ಬಮ್‌ಗೆ ಸ್ವಲ್ಪ ತಡೆದು ಬಾರಿಸಿ.