ಪದಚರ್ಚೆ: ಅಪರೂಪದ ಹಕ್ಕಿಯ ಸುದ್ದಿ ಕೇಳಿ ಓಡುವವರಿಗೆ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಪದ ಇವತ್ತೇ ಬೇಕು. ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ.

ಸ್ಟೆಲ್ಲರ್ ಕಡಲಹದ್ದಿನ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಷ್ಯಾದ ಪೂರ್ವ ಕರಾವಳಿಯ ಹಕ್ಕಿ ಅದು. ಅಂಥದ್ದೊಂದು 2020ರಲ್ಲಿ ಅಲಾಸ್ಕಾದ ಒಳನಾಡಿನಲ್ಲಿ ಕಾಣಿಸಿಕೊಂಡಿತು. ಮರುವರ್ಷ ಕೆನಡಾದ ಪೂರ್ವ ಭಾಗಕ್ಕೆ ಹೋಗಿ, ಡಿಸೆಂಬರಿನ ಹೊತ್ತಿಗೆ ಮ್ಯಾಸಚೂಸೆಟ್ಸ್, ಮೇನ್ ತನಕ ಬಂತು. ರೆಕ್ಕೆಯ ಬಿಳಿ ಗುರುತು ನೋಡಿ ಅದೇ ಹಕ್ಕಿ ಎಂದು ಹೇಳಿದರು. ಸುದ್ದಿ ಹಬ್ಬಿದಲ್ಲೆಲ್ಲ ಜನ ಕಾರು ಹತ್ತಿ ಹೊರಟರು. ಈ ಜನಕ್ಕೆ ಇಂಗ್ಲಿಷಿನವರು ಟ್ವಿಚರ್ ಅನ್ನುತ್ತಾರೆ. ಪಕ್ಷಿವೀಕ್ಷಕ ಎಂದು ಬರೆದರೆ ಮೂಲದ ಕುಟುಕು ಹೋಗಿಬಿಡುತ್ತದೆ. ಜೊತೆಗೆ, ವೇಗ್ರಂಟ್‌ಗೆ 'ಅಲೆಮಾರಿ ಹಕ್ಕಿ' ನಡೆದೀತೇ?

– ಸು.

ಅಲೆಮಾರಿ ಬೇಡವೇ ಬೇಡ. ಮಳೆ, ಮೇವು ಹುಡುಕಿಕೊಂಡು ತಿರುಗುವುದೇ ಬಾಳಾಗಿರುವ ಜಾತಿಗಳಿಗೆ ಆ ಹೆಸರು ಸಲ್ಲಬೇಕು. ವೇಗ್ರಂಟ್ ಎಂದರೆ ತನ್ನ ನೆಲೆಯಿಂದ ಆಚೆ ಹೋಗಿ ಬಿದ್ದದ್ದು. ಬಿರುಗಾಳಿ ತಳ್ಳಿರಬಹುದು. ಇಲ್ಲವೇ ಎಳೆಯ ಹಕ್ಕಿಯೊಳಗಿನ ದಿಕ್ಸೂಚಿಯೇ ಅದಲುಬದಲಾಗಿ, ಆಗ್ನೇಯಕ್ಕೆ ಹೋಗಬೇಕಾದದ್ದು ನೈಋತ್ಯಕ್ಕೆ ಹಾರಿರಬಹುದು. 'ದಿಕ್ಕು ತಪ್ಪಿದ ಹಕ್ಕಿ' ಅನ್ನಿ.

ಇನ್ನು ಟ್ವಿಚರ್. ಹಕ್ಕಿ ನೋಡುವವರೆಲ್ಲ ಟ್ವಿಚರುಗಳಲ್ಲ. ನೀರಂಚಿನಲ್ಲಿ ಅರ್ಧ ದಿನ ಕೂತು ಒಂದೇ ಹಕ್ಕಿಯ ಚಲನವಲನ ಬರೆದುಕೊಳ್ಳುವವರನ್ನು ಹಾಗೆ ಕರೆದು ನೋಡಿ, ಬೈನಾಕ್ಯುಲರ್ ನಿಮ್ಮ ತಲೆಗೇ ಬೀಳುತ್ತದೆ. ಟ್ವಿಚರ್‌ಗೆ ಪಟ್ಟಿ ಮುಖ್ಯ: ಸುದ್ದಿ ಬರಬೇಕು, ಓಡಬೇಕು, ನೋಡಬೇಕು, ಟಿಕ್ ಹಾಕಬೇಕು. ಅಮೆರಿಕದ ಗೋಲ್ಡನ್-ವಿಂಗ್ಡ್ ವಾರ್ಬ್ಲರ್ ಒಂದು 1989ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಕಂಡಾಗ ಸಾವಿರಾರು ಜನ ಮುತ್ತಿಕೊಂಡಿದ್ದರು. ಗೇಣುದ್ದವೂ ಇಲ್ಲದ ಹಕ್ಕಿ!

– ಕೃ.

ಮೂಲ ನೋಡದೆ ಪದ ಕಟ್ಟಬಾರದು. 1950ರ ದಶಕದಲ್ಲಿ ಇಂಗ್ಲೆಂಡಿನ ಹಕ್ಕಿಪ್ರಿಯನೊಬ್ಬ ಚಳಿಯಲ್ಲಿ ಮೋಟರ್‌ಸೈಕಲ್ ಮೇಲೆ ಬಂದಿಳಿದು ಗಡಗಡ ನಡುಗುತ್ತಿದ್ದನಂತೆ. ಟ್ವಿಚ್ ಎಂದರೆ ಅದುರುವುದು. ಟ್ವಿಚರ್ ಅಲ್ಲಿಂದ ಬಂತು ಎಂದು ಹೇಳುತ್ತಾರೆ. ಆದ್ದರಿಂದ 'ನಡುಕಿಗ'. ಪಕ್ಷಿ ಎಂಬ ಎರವಲಂತೂ ಬೇಡ, ಹಕ್ಕಿ ಇದೆಯಲ್ಲ.

– ತಿ.

ನಡುಕಿಗನನ್ನು ಓದುಗರು ಡಾಕ್ಟರ ಹತ್ತಿರ ಕಳಿಸುತ್ತಾರೆ. ಅನುವಾದ ಆಗಬೇಕಾದ್ದು ಬಳಕೆ, ಪದ ಹುಟ್ಟಿದ ಕತೆಯಲ್ಲ.

ಚಟ ಹತ್ತಿದವರನ್ನು ಕರೆಯಲು ಕನ್ನಡಕ್ಕೆ ಬರವೇ? ಹೊಟ್ಟೆಬಾಕ, ತಿಂಡಿಪೋತ, ನಿದ್ದೆಬಡುಕ, ಲಂಚಗುಳಿ. ಹಕ್ಕಿಬಾಕ, ಹಕ್ಕಿಪೋತ ಎಂದರೆ ಹಕ್ಕಿ ತಿನ್ನುವವನಾಗುತ್ತಾನೆ. ಹಕ್ಕಿಬಡುಕ ಕವಣೆ ಹಿಡಿದು ಬಂದಂತಿದೆ. 'ಹಕ್ಕಿಗುಳಿ' ನಿಲ್ಲುತ್ತದೆ. ಬಿಡಲಾರದ ಗೀಳೂ ಇದೆ, ತುಸು ನಗೆಯೂ ಇದೆ.

– ಶಂ.

ಹಕ್ಕಿಗುಳಿ ತೀರಾ ಗ್ರಾಮ್ಯ. ಪಕ್ಷಿಗುಳಿ ಎನ್ನೋಣವೆಂದರೆ ಅರಿಸಮಾಸ, ಸಂಸ್ಕೃತಕ್ಕೂ ಕನ್ನಡಕ್ಕೂ ಹಾಕಿದ ಸಲ್ಲದ ಗಂಟು. 'ವಿರಳಪಕ್ಷ್ಯನ್ವೇಷಕ' ಶುದ್ಧವಾಗಿದೆ. ದಯವಿಟ್ಟು ಅಪರೂಪ ಎಂದೂ ಬರೆಯಬೇಡಿ. ಸಂಸ್ಕೃತದಲ್ಲಿ ಅದಕ್ಕೆ ವಿಕಾರರೂಪ ಎಂದರ್ಥ.

– ನಾ.

ಗುಳಿ ಪ್ರತ್ಯಯ, ಪದವಲ್ಲ. ಸಮಾಸವೇ ಇಲ್ಲದ ಕಡೆ ಅರಿಸಮಾಸ ಎಲ್ಲಿಂದ ಬಂತು? ಲಂಚವೇನು ಅಚ್ಚಗನ್ನಡವೇ? ಸಮಾಸವೆಂದೇ ಇಟ್ಟುಕೊಂಡರೂ ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಇದೂ ಬಿರುದೇ ತಾನೇ. ಇನ್ನು ಅಪರೂಪ. 'ಅಪರೂಪಕ್ಕೆ ಬಂದಿರಿ' ಎಂದು ಯಾರಾದರೂ ಅಂದರೆ ನೀವು ಕನ್ನಡಿ ನೋಡಿಕೊಳ್ಳುತ್ತೀರಾ?

ವಿರಳಪಕ್ಷ್ಯನ್ವೇಷಕ ಎಂದು ಹೇಳಿ ಮುಗಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ.

– ಶಂ.

ಅಂತೂ ಹಕ್ಕಿ ಉಳಿಯಿತಲ್ಲ, ಸಂತೋಷ. ಆದರೆ ಲಂಚಗುಳಿಯ ಸಾಲಿನಲ್ಲಿ ಕೂರಿಸುವಂಥ ತಪ್ಪು ಆ ಜನ ಏನು ಮಾಡಿದ್ದಾರೆ?

– ತಿ.

ಸಂತೋಷ ಪಡಬೇಡಿ. ಹಕ್ಕಿ ಎಂಬುದೇ ಪಕ್ಷಿಯ ತದ್ಭವ: ಪಕ್ಷಿ, ಪಕ್ಕಿ, ಹಕ್ಕಿ. ಪಾಲು ಹಾಲಾದ ದಾರಿಯಲ್ಲೇ ಪಕ್ಕಿಯೂ ಹಕ್ಕಿಯಾಯಿತು.

– ನಾ.

ಪಕ್ಕ, ಪಕ್ಕೆ ನಮ್ಮಲ್ಲೇ ಇರುವಾಗ ಸಂಸ್ಕೃತವೇ ನಮ್ಮಿಂದ ಪಡೆದಿರಬಾರದೇಕೆ?

– ತಿ.

ಪಕ್ಕವೂ ಪಕ್ಷದಿಂದಲೇ. ಎರವಲಿಲ್ಲದ ಹಕ್ಕಿಯೇ ಬೇಕಿದ್ದರೆ ತಮಿಳಿನ 'ಪುಳ್' ತನ್ನಿ. ಕನ್ನಡದಲ್ಲಿ ಯಾರಿಗೆ ತಿಳಿಯುತ್ತದೋ ನೋಡೋಣ.

– ನಾ.

ಸು. ಅವರ ಅಚ್ಚಿನ ಗಡುವು ಯಾರಿಗಾದರೂ ನೆನಪಿದೆಯೇ? ನಾವು ಹಕ್ಕಿಯವರು ಟ್ವಿಚ್, ಲೈಫರ್, ಡಿಪ್ ಎಂದೇ ಅನ್ನುವುದು. ಬದುಕಿನಲ್ಲಿ ಮೊದಲ ಸಲ ಕಂಡ ಜಾತಿ ಲೈಫರ್. ಅಷ್ಟು ದೂರ ಹೋಗಿಯೂ ಹಕ್ಕಿ ಕಾಣದಿದ್ದರೆ ಡಿಪ್. ಬಸ್ಸು, ಕಾರು, ಕ್ಯಾಮೆರಾ ಹೊತ್ತ ಕನ್ನಡಕ್ಕೆ ಈ ಮೂರು ಭಾರವೇ?

– ಕೃ.

ಬಸ್ಸು ವಸ್ತುವಿನ ಜೊತೆ ಬಂದ ಪದ. ಹಕ್ಕಿಯ ಹಿಂದೆ ಓಡುವುದನ್ನು ನಾವು ಯಾರಿಂದಲೂ ಆಮದು ಮಾಡಿಕೊಂಡಿಲ್ಲ.

– ತಿ.

ಓಡುವುದು ಹಳೆಯದು, ಸರಿ. ಆಗ ಓಡುತ್ತಿದ್ದದ್ದು ಸಾರು ಮಾಡಲು. ಪಟ್ಟಿಗೆ ಟಿಕ್ ಹಾಕಲು ಓಡುವುದು ಹೊಸದು.

– ಕೃ.

ಡಿಪ್‌ಗೆ 'ಹಕ್ಕಿ ಕೈಕೊಟ್ಟಿತು'. ಇದಕ್ಕೂ ಚರ್ಚೆ ಬೇಕೇ?

– ಶಂ.

ಎಲ್ಲರಿಗೂ ಧನ್ಯವಾದ. ಸಂಪಾದಕರು ಹಕ್ಕಿಗುಳಿ ಒಪ್ಪಿದರು. ಮೊದಲ ಸಲ ಬರುವಲ್ಲಿ 'ಅಪರೂಪದ ಹಕ್ಕಿಯ ಸುದ್ದಿ ಸಿಕ್ಕರೆ ಎದ್ದು ಓಡುವ ಹಕ್ಕಿಗುಳಿಗಳು' ಎಂದು ಬಿಡಿಸಿ ಬರೆದಿದ್ದೇನೆ. ಲೈಫರ್ ಹಾಗೇ ಇಟ್ಟಿದ್ದೇನೆ. ವೇಗ್ರಂಟ್ 'ದಿಕ್ಕು ತಪ್ಪಿದ ಹಕ್ಕಿ' ಆಯಿತು.

– ಸು.

ದಿಕ್ಕೂ ತದ್ಭವ. ಪುಟ ಅಚ್ಚಾಗುವ ತನಕ ತಿ. ಅವರಿಗೆ ಹೇಳಬೇಡಿ.

– ನಾ.