ಮೂರನೇ ತರಗತಿಯ ಮಗನಿಗೆ ಮೊಬೈಲಿನ ಪಜಲ್ ಆಟ: ಏನು ನೋಡಿ ಆರಿಸಬೇಕು?

ಪ್ರಶ್ನೆ: ಗಂಗಾವತಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಬೇಸಿಗೆ ನಿಮಗೆಲ್ಲ ಗೊತ್ತಿರುವುದೇ. 40 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಮಕ್ಕಳನ್ನು ಹೊರಗೆ ಬಿಡುವಂತಿಲ್ಲವಾದ್ದರಿಂದ, ಊಟವಾದ ಮೇಲೆ ಸ್ವಲ್ಪ ಹೊತ್ತು ಆಡಿಕೊಳ್ಳಲೆಂದು ಮಗನಿಗೆ ನನ್ನ ಫೋನಿನಲ್ಲಿ ಅಂಕಿಯ ಬಿಲ್ಲೆಗಳನ್ನು ಸರಿಸುವ ಪಜಲ್ ಆಟವೊಂದನ್ನು ಹಾಕಿಕೊಟ್ಟಿದ್ದೇನೆ. ಹದಿನಾರು ಮನೆ, ಹದಿನೈದು ಬಿಲ್ಲೆ, ಒಂದು ಮನೆ ಖಾಲಿ. 1ರಿಂದ 15ರವರೆಗೆ ಕ್ರಮವಾಗಿ ಕೂಡಿಸಬೇಕು.

ಆಟ ನನಗೆ ಹಿಡಿಸಿದೆ. ಮೊದಲು ಅವನು ಸರಿಯಾಗಿ ಕೂತ ಬಿಲ್ಲೆಯನ್ನು ಮುಟ್ಟಲು ಒಪ್ಪುತ್ತಿರಲಿಲ್ಲ. 4ನ್ನು ಮೂಲೆಗೆ ತರಬೇಕಾದರೆ ಪಕ್ಕದ 3ನ್ನು ಒಮ್ಮೆ ಕದಲಿಸಲೇಬೇಕೆಂಬುದನ್ನು ತಾನೇ ಕಂಡುಕೊಂಡ ಮೇಲೆ, ಬೆರಳನ್ನು ತೆರೆಗೆ ತಾಗಿಸದೆ ಮೇಲೆಯೇ ಆಡಿಸಿ, ಮೂರು ನಾಲ್ಕು ನಡೆ ಮುಂದಕ್ಕೆ ಎಣಿಸಿಕೊಂಡು ಆಮೇಲೆ ಸರಿಸುತ್ತಾನೆ. ಆದರೆ ಅವನು ಹಾಗೆ ಯೋಚಿಸುತ್ತ ಸುಮ್ಮನೆ ಕೂತರೆ ಸಾಕು, ಹಿಂಟ್ ಬಟನ್ ಮಿನುಗತೊಡಗುತ್ತದೆ; ಒತ್ತಿದರೆ ಜಾಹೀರಾತು ನೋಡಬೇಕು, ಇಲ್ಲವೇ ಹಣ ಕೊಡಬೇಕು. ಇನ್ನೊಂದು ತೊಂದರೆಯೆಂದರೆ, ಎಷ್ಟೋ ಸಲ ಕೊನೆಯ ಸಾಲು 13, 15, 14 ಎಂದು ಬಂದು ನಿಲ್ಲುತ್ತದೆ, ಏನು ಮಾಡಿದರೂ ಸರಿಹೋಗುವುದಿಲ್ಲ, ಅವನಿಗೆ ಅಳುವೇ ಬರುತ್ತದೆ. ಇದು ಅವನ ಕೊರತೆಯೋ, ಆಟದ ದೋಷವೋ? ಅವನ ಅಪ್ಪ ಫೋನಿನ ಆಟಗಳೆಲ್ಲ ಒಂದೇ, ತೆಗೆದುಹಾಕು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಉತ್ತರ: ಗಣಿತ ಶಿಕ್ಷಕ, ಸಿಂಧನೂರು

ಅಕ್ಕನವರೇ, ದೋಷ ಖಂಡಿತವಾಗಿ ಆಟದ್ದು. ಇದನ್ನು ದಯವಿಟ್ಟು ಇವತ್ತೇ ಮಗನಿಗೆ ಹೇಳಿಬಿಡಿ.

ಈ ಆಟ 1880ರ ಸುಮಾರಿಗೆ ಅಮೆರಿಕ, ಯುರೋಪುಗಳಲ್ಲಿ ಜನರಿಗೆ ಹುಚ್ಚು ಹಿಡಿಸಿತ್ತು. 14 ಮತ್ತು 15 ಮಾತ್ರ ಅದಲುಬದಲಾದ ಸ್ಥಿತಿಯಿಂದ ಬಿಡಿಸಿ ತೋರಿಸಿದವರಿಗೆ ಪಜಲ್‌ಗಳನ್ನು ರಚಿಸುತ್ತಿದ್ದ ಸ್ಯಾಮ್ ಲಾಯ್ಡ್ 1,000 ಡಾಲರ್ ಬಹುಮಾನ ಸಾರಿದ್ದರು. ಅದು ಯಾರಿಗೂ ಸಿಗಲಿಲ್ಲ, ಸಿಗಲು ಸಾಧ್ಯವೂ ಇರಲಿಲ್ಲ. ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು 1879ರಲ್ಲಿಯೇ ಕಾರಣವನ್ನು ಬರೆದಿಟ್ಟಿದ್ದರು. ಹದಿನಾರು ಮನೆಗಳಿಗೆ ಚದುರಂಗದ ಹಾಸಿನ ಹಾಗೆ ಕಪ್ಪು, ಬಿಳಿ ಬಣ್ಣ ಬಳಿದಿದೆ ಎಂದುಕೊಳ್ಳಿ. ಒಂದೊಂದು ನಡೆಗೂ ಖಾಲಿ ಮನೆಯ ಬಣ್ಣ ಬದಲಾಗುತ್ತದೆ. ಆದ್ದರಿಂದ ಖಾಲಿ ಮನೆ ಹೊರಟ ಮೂಲೆಗೇ ಮರಳಬೇಕಾದರೆ ನಡೆಗಳ ಸಂಖ್ಯೆ ಸಮವಾಗಿರಲೇಬೇಕು. ಪ್ರತಿ ನಡೆಯೂ ಒಂದು ಬಿಲ್ಲೆ ಮತ್ತು ಖಾಲಿ ಮನೆಯ ನಡುವಿನ ಅದಲುಬದಲು. ಸಮಸಂಖ್ಯೆಯ ಅದಲುಬದಲುಗಳನ್ನು ಹೇಗೆ ಮಾಡಿದರೂ, ಬರೀ ಎರಡು ಬಿಲ್ಲೆಗಳು ಮಾತ್ರ ಸ್ಥಾನ ಬದಲಿಸಿದಂತೆ ಆಗಲಾರದು.

ಬಿಲ್ಲೆಗಳನ್ನು ಮನಬಂದಂತೆ ಹರಡಿದರೆ ಸಾಧ್ಯವಿರುವ ಜೋಡಣೆಗಳಲ್ಲಿ ಸರಿಯಾಗಿ ಅರ್ಧದಷ್ಟು ಬಿಡಿಸಲಾಗದವೇ. ತಿಳಿದು ಮಾಡಿದ ಆಟವು ಪೂರ್ಣಗೊಂಡ ಜೋಡಣೆಯಿಂದ ಹೊರಟು, ಬಿಲ್ಲೆಗಳನ್ನು ಸರಿಸುತ್ತಲೇ ಕಲಸುತ್ತದೆ. ನೀವು ಹಾಕಿಕೊಂಡ ಆಟ ಅಷ್ಟನ್ನೂ ಮಾಡಿಲ್ಲ. ಬಿಡಿಸಲಾಗದ ಲೆಕ್ಕವನ್ನು ಮಗುವಿನ ಮುಂದಿಟ್ಟು, ಅದಕ್ಕೆ ಹಿಂಟ್ ಮಾರುವುದನ್ನು ಶಿಕ್ಷಕನಾಗಿ ನಾನು ಒಪ್ಪಲಾರೆ.

ಉತ್ತರ: ಇಬ್ಬರು ಮಕ್ಕಳ ತಂದೆ, ಬಳ್ಳಾರಿ

ಗುರುಗಳು ಹೇಳಿದ್ದು ಸರಿ. ನನ್ನ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಒಂದೇ: ಮಗು ಸಿಕ್ಕಿಹಾಕಿಕೊಂಡಾಗ ಆಟ ಅದನ್ನು ಅದರ ಪಾಡಿಗೆ ಬಿಡುತ್ತದೆಯೇ? ತಂಗಿ, ನಿಮ್ಮ ಮಗ ಬೆರಳನ್ನು ಮೇಲೆಯೇ ಆಡಿಸುತ್ತ ಯೋಚಿಸುವ ಆ ಹೊತ್ತೇ ಆಟದ ತಿರುಳು. ಗಡಿಯಾರ, ಮುಗಿದುಹೋಗುವ ಜೀವಗಳು, ಮಿನುಗುವ ಹಿಂಟ್ ಇವೆಲ್ಲ ಅದನ್ನೇ ಕಸಿದುಕೊಳ್ಳುತ್ತವೆ.

ಸೈಮನ್ ಟೇಥಮ್ ಎಂಬುವರ ಪಜಲ್ ಸಂಗ್ರಹವನ್ನು ನೋಡಿ. ಅದು ಉಚಿತ, ಜಾಹೀರಾತಿಲ್ಲ, ಕೊಳ್ಳುವಂಥದ್ದೇನೂ ಇಲ್ಲ, ನೆಟ್ ಇಲ್ಲದೆಯೂ ನಡೆಯುತ್ತದೆ. ಇದೇ ಹದಿನೈದು ಬಿಲ್ಲೆಯ ಆಟವೂ ಅದರಲ್ಲಿದ್ದು, ಮನೆಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳಬಹುದು. ಬಣ್ಣ, ಸದ್ದು ಇಲ್ಲದ ಸಾದಾ ರೂಪ. ವಿವರಣೆ ಇಂಗ್ಲಿಷಿನಲ್ಲಿದೆ, ಮೊದಲ ಸಲ ನೀವೇ ಜೊತೆಗೆ ಕೂತು ತೋರಿಸಬೇಕಾಗುತ್ತದೆ. ಫೋನ್ ಕೊಡುವಾಗ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ ಬಳಸಿದರೆ, ಪಾಸ್‌ವರ್ಡ್ ಇಲ್ಲದೆ ಬೇರೆ ಆ್ಯಪಿಗೆ ಹೋಗಲಾಗದಂತೆ ಮಾಡಬಹುದು.

ನಿಮ್ಮ ಯಜಮಾನರ ಆತಂಕವೂ ನ್ಯಾಯವಾದದ್ದೇ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 5ರಿಂದ 10 ವರ್ಷದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಸ್ಕ್ರೀನ್ ಎಂದು ಹೇಳಿದೆ. ಟಿವಿಯೂ ಇದರೊಳಗೇ ಬರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಉತ್ತರ: ಮೊಮ್ಮಕ್ಕಳ ಅಜ್ಜಿ, ಕೊಪ್ಪಳ

ಆಟ ಒಳ್ಳೆಯದೇ ಇರಬಹುದಮ್ಮಾ, ಆದರೆ ಅದಕ್ಕೆ ಫೋನೇ ಏಕೆ ಬೇಕು? ಹದಿನೈದು ರಟ್ಟಿನ ತುಂಡುಗಳ ಮೇಲೆ ಅಂಕಿ ಬರೆದು, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮನೆ ಹಾಕಿಕೊಡಿ. ಹುಲಿ-ಕುರಿಯನ್ನೂ ಕಲಿಸಿ, ಹಂಪಿಯ ಮಂಟಪಗಳ ನೆಲದ ಕಲ್ಲಿನಲ್ಲಿ ಇಂಥ ಆಟದ ಗೆರೆಗಳನ್ನು ಕೊರೆದಿರುವುದನ್ನು ನೀವೂ ನೋಡಿರಬಹುದು. ಎದುರಿಗೆ ಕೂತವರ ಮುಖ ನೋಡಿ ಅವರ ಮುಂದಿನ ನಡೆಯನ್ನು ಊಹಿಸುವ ಜಾಣತನ ಫೋನಿನ ಆಟದಲ್ಲಿ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಪ್ಪು ಅವನದಲ್ಲ ಎಂದು ತಿಳಿದಾಗ ಅವನ ಮುಖ ಅರಳಿತು. ಗುರುಗಳ ಕಪ್ಪು-ಬಿಳಿ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬಣ್ಣ ಹಚ್ಚಿ ಅಪ್ಪನಿಗೂ ತೋರಿಸಿದ. ಹಳೆಯ ಆಟವನ್ನು ತೆಗೆದುಹಾಕಿದ್ದೇನೆ. ಅಜ್ಜಿಯವರು ಹೇಳಿದಂತೆ ರಟ್ಟಿನಲ್ಲಿ, ಮೊದಲು ಒಂಬತ್ತು ಮನೆ, ಎಂಟು ಬಿಲ್ಲೆಗಳಿಂದ ಶುರು ಮಾಡಿದ್ದೇವೆ. ಅಲ್ಲಿಯೂ ಇದೇ ನಿಯಮವೇ, ಗುರುಗಳೇ?

ಗಣಿತ ಶಿಕ್ಷಕ, ಸಿಂಧನೂರು

ಹೌದು, ಅದೇ ನಿಯಮ. ಆದ್ದರಿಂದ ತುಂಡುಗಳನ್ನು ಎತ್ತಿ ಇಡದೆ, ಪೂರ್ಣ ಜೋಡಣೆಯಿಂದ ಸರಿಸುತ್ತಲೇ ಕಲಸಿ ಕೊಡಿ. ಹಾಗೆ ಸಿಗಬಹುದಾದ ಜೋಡಣೆಗಳು 1,81,440. ಅವುಗಳಲ್ಲಿ ಅತ್ಯಂತ ಕಠಿಣವಾದದ್ದನ್ನೂ 31 ನಡೆಗಳೊಳಗೆ ಬಿಡಿಸಬಹುದು.