ನೆರಳು ಅಂದರೆ ಯಾವ ನೆರಳು? (ಜೊತೆಗೆ ಬಿಸಿಲು, ಬೆಳಕು, ಅರೆನೆರಳು)

ಎಲ್ಲರಿಗೂ ನಮಸ್ಕಾರ.

ಹಗಲಿನ ಬೆಳಕು ಮತ್ತು ನೆರಳನ್ನು ನೋಡಿಕೊಂಡು ಮನೆಯ ನಕ್ಷೆ ಮಾಡುವುದು ಹೇಗೆ ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮನೆ ಕಟ್ಟಿಸಲು ಹೊರಟವರು, ಮೇಸ್ತ್ರಿಗಳು ಓದಬೇಕು ಅನ್ನುವ ಆಸೆ. ವಿಷಯ ಕಷ್ಟವಿಲ್ಲ, ಪದಗಳೇ ಕೈಕೊಡುತ್ತಿವೆ. ಮುಖ್ಯವಾಗಿ 'ನೆರಳು'. ಅದಕ್ಕೆ ಬರುವ ಮೊದಲು ಬೆಳಕಿನ ಬಗ್ಗೆ ಎರಡು ಮಾತು.

ನ್ಯಾಚುರಲ್ ಲೈಟ್ ಅನ್ನುವುದಕ್ಕೆ ಎಲ್ಲ ಕಡೆ 'ನೈಸರ್ಗಿಕ ಬೆಳಕು' ಅಂತ ಬರೆಯುತ್ತಾರೆ. ತಪ್ಪಲ್ಲ. ಆದರೆ ಮನೆ ನೋಡಲು ಬಂದವರು ಯಾರೂ 'ನೈಸರ್ಗಿಕ ಬೆಳಕು ಚೆನ್ನಾಗಿದೆ' ಅನ್ನುವುದಿಲ್ಲ, 'ಗಾಳಿ ಬೆಳಕು ಚೆನ್ನಾಗಿದೆ' ಅನ್ನುತ್ತಾರೆ. ಆ ಬೆಳಕು ಬಲ್ಬಿನದಲ್ಲ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಬಲ್ಬಿನದಾದರೆ 'ಲೈಟು' ಅನ್ನುತ್ತೇವೆ, ಇಲ್ಲವೇ 'ದೀಪದ ಬೆಳಕು' ಅಂತ ಸೇರಿಸಿ ಹೇಳುತ್ತೇವೆ. ಹಾಗಾಗಿ ನಾನು ಸುಮ್ನೆ 'ಬೆಳಕು' ಅಂತಲೇ ಇಟ್ಟಿದ್ದೇನೆ, ಗೊಂದಲವಾಗುವ ಕಡೆ ಮಾತ್ರ 'ಹಗಲು ಬೆಳಕು'.

ಇನ್ನು ಬೆಳಕು ಬೇರೆ, ಬಿಸಿಲು ಬೇರೆ. ಇದು ನನಗೆ ಸರಿಯಾಗಿ ತಟ್ಟಿದ್ದು ನಮ್ಮ ಮನೆಯಲ್ಲೇ. ನಕ್ಷೆ ಮಾಡುವವರ ಹತ್ತಿರ 'ಓದುವ ಕೋಣೆಗೆ ಬೆಳಕು ಜಾಸ್ತಿ ಬೇಕು' ಅಂದಿದ್ದೆ. ಅವರು ಪಶ್ಚಿಮದ ಗೋಡೆಗೆ ದೊಡ್ಡ ಕಿಟಕಿ ಇಟ್ಟರು. ಈಗ ಸಂಜೆ ನಾಲ್ಕಾದರೆ ಇಳಿಬಿಸಿಲು ನೇರ ಮೇಜಿನ ಮೇಲೆ ಬೀಳುತ್ತದೆ, ಬಿಳಿ ಹಾಳೆ ನೋಡಿದರೆ ಕಣ್ಣು ಚುಚ್ಚುತ್ತದೆ, ಕೊನೆಗೆ ಪರದೆ ಎಳೆದು ಲೈಟು ಹಾಕಿಕೊಂಡು ಓದಬೇಕು. ಮೇಲೆ ಸಜ್ಜಾ ಇದೆ. ಆದರೆ ಸಜ್ಜಾ ತಡೆಯುವುದು ಎತ್ತರದಲ್ಲಿರುವ ಸೂರ್ಯನನ್ನು. ಕೆಳಗಿಳಿದ ಸೂರ್ಯ ಅದರ ಅಡಿಯಿಂದಲೇ ಒಳಗೆ ಬರುತ್ತಾನೆ. ನಾನು ಕೇಳಿದ್ದು ಬೆಳಕು, ಬಂದದ್ದು ಬಿಸಿಲು.

ಪದಗಳ ಬೇರು ನೋಡಿದರೂ ಇದು ಕಾಣುತ್ತದೆ. ಬಿಸಿಲಿನೊಳಗೆ 'ಬಿಸಿ' ಇದೆ. ಬೆಳಕು ಬಂದದ್ದು ಬೆಳ್ಳಿ, ಬೆಳಗು, ಬೆಳದಿಂಗಳು ಬಂದ ಕಡೆಯಿಂದ, ಅಲ್ಲಿ ಇರುವುದು ಬಿಳುಪು. ಒಂದು ಮೈಗೆ ತಾಗುವಂಥದ್ದು, ಇನ್ನೊಂದು ಕಣ್ಣಿಗೆ. ಸನ್‌ಲೈಟ್ ಅಂತ ಇರುವಲ್ಲೆಲ್ಲ 'ಸೂರ್ಯನ ಬೆಳಕು' ಅಂತ ಬರೆದುಬಿಟ್ಟರೆ ನಮ್ಮಲ್ಲಿ ಮೊದಲೇ ಇರುವ ಈ ವ್ಯತ್ಯಾಸವನ್ನು ಕೈಯಾರೆ ಅಳಿಸಿದ ಹಾಗೆ ಆಗುತ್ತದೆ. ಅದಕ್ಕೇ ನೇರ ಬೀಳುವುದಕ್ಕೆ ಬಿಸಿಲು, ಆಕಾಶದಿಂದ ಹರಡಿಕೊಂಡು ಅಥವಾ ಗೋಡೆಗೆ ತಟ್ಟಿ ಬರುವುದಕ್ಕೆ ಬೆಳಕು ಅಂತ ಗೆರೆ ಹಾಕಿಕೊಂಡಿದ್ದೇನೆ. ಎಳೆಬಿಸಿಲು, ಏರುಬಿಸಿಲು, ಸುಡುಬಿಸಿಲು, ಇಳಿಬಿಸಿಲು ಅಂತ ಹೊತ್ತಿಗೊಂದು ಮಾತು ಸಿದ್ಧವಾಗಿದೆ. ಯಾವ ದಿಕ್ಕಿನ ಕಿಟಕಿಗೆ ಯಾವ ಬಿಸಿಲು ಅಂತ ಹೇಳಲು ಇಷ್ಟು ಸಾಕು. ಇಲ್ಲಿ ಯಾರದ್ದಾದರೂ ತಕರಾರಿದ್ದರೆ ಹೇಳಿ.

ಈಗ ನೆರಳು. ಇಂಗ್ಲಿಷಿನಲ್ಲಿ ಶೇಡ್ ಬೇರೆ, ಶ್ಯಾಡೋ ಬೇರೆ. ಮರದ ಕೆಳಗೆ ಕೂರುವ ತಂಪು ಜಾಗ ಶೇಡ್, ಗೋಡೆ ಮೇಲೆ ಬೀಳುವ ಮರದ ಆಕಾರ ಶ್ಯಾಡೋ. ನಮಗೆ ಎರಡೂ ನೆರಳೇ. ಹಳಗನ್ನಡದಲ್ಲಿ ಇದು ನೆೞಲ್, ತಮಿಳಿನ ನಿೞಲ್ ಇದರದೇ ಒಡಹುಟ್ಟು. ಸಂಸ್ಕೃತದ ಛಾಯೆಯನ್ನು ತಂದರೂ ಬಿಡಿಸಿಕೊಳ್ಳಲು ಆಗುವುದಿಲ್ಲ, ಅದಕ್ಕೂ ಎರಡೂ ಅರ್ಥ ಇವೆ, ಮೇಲೆ ಬಣ್ಣದ ಛಾಯೆ ಬೇರೆ.

ಮಾತಿನಲ್ಲಿ ಇದು ತೊಡಕಾಗುವುದಿಲ್ಲ. 'ನೆರಳಲ್ಲಿ ಕೂತೆ' ಅಂದರೆ ಜಾಗ, 'ನೆರಳು ಬಿತ್ತು' ಅಂದರೆ ಆಕಾರ. ನುಡಿಗಟ್ಟುಗಳಲ್ಲೂ ಹಾಗೇ. 'ಹಿರಿಯರ ನೆರಳಲ್ಲಿ ಬೆಳೆದ' ಅನ್ನುವಾಗ ಅದು ಆಸರೆ, 'ನೆರಳಿನ ಹಾಗೆ ಹಿಂದೆ ಬಿದ್ದ' ಅನ್ನುವಾಗ ಆಕಾರ. ವಿಭಕ್ತಿ, ಕ್ರಿಯಾಪದ ಕೆಲಸ ಮಾಡಿಕೊಡುತ್ತವೆ. ಮನೆಯ ವಿಷಯ ಬರೆಯುವಾಗ ಮಾತ್ರ ಕೈ ತಡೆಯುತ್ತದೆ. 'ಈ ಜಾಲರಿಯ ನೆರಳು ಚೆನ್ನಾಗಿದೆ' ಅಂತ ಬರೆದೆ. ಓದಿದ ಗೆಳೆಯರಲ್ಲಿ ಒಬ್ಬರು ಒಳಗೆ ತಂಪಾಗಿದೆ ಅಂತ ತಿಳಿದರು, ಇನ್ನೊಬ್ಬರು ನೆಲದ ಮೇಲಿನ ಚಿತ್ತಾರ ಅಂದುಕೊಂಡರು. ಎರಡೂ ಸರಿ. ಆದರೆ ಕಟ್ಟುವವರಿಗೆ ಎರಡೂ ಒಂದೇ ಅಲ್ಲ ಅಲ್ವಾ?

ತಂಪಿನ ಅರ್ಥಕ್ಕೆ 'ತಣ್ಣೆಳಲು' ಅನ್ನುವ ಹಳೆಯ ಮಾತು ತುಂಬಾ ಇಷ್ಟ, ಆದರೆ ಕಾವ್ಯದ ಹಾಗೆ ಕೇಳುತ್ತದೆ. ಆಕಾರಕ್ಕೆ 'ನೆರಳಚ್ಚು' ಅಂತ ಯೋಚಿಸಿದೆ, ಅದನ್ನು ಜೆರಾಕ್ಸ್ ಪ್ರತಿಗೆ ಬಳಸುತ್ತಾರೆ. ಸದ್ಯಕ್ಕೆ 'ತಂಪು ನೆರಳು', 'ಬೀಳುನೆರಳು' ಅಂತ ಇಟ್ಟಿದ್ದೇನೆ. ಎರಡನೆಯದು ನಾನೇ ಕಟ್ಟಿದ್ದು. ಕಿವಿಗೆ ಹೇಗಿದೆ ಹೇಳಿ.

ಇನ್ನೊಂದು ಮಾತು ಇಲ್ಲೇ ಸೇರಿಸುತ್ತೇನೆ. ನೆರಳು ಅಂದ ಕೂಡಲೇ ಕತ್ತಲೆ ಅಂತ ಹೆದರುವವರಿದ್ದಾರೆ. ನೇರ ಬಿಸಿಲು ಸುಮಾರು 1,00,000 ಲಕ್ಸ್ (ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದರ ಅಳತೆ). ತಿಳಿ ಆಕಾಶದ ಕೆಳಗಿನ ಬಯಲು ನೆರಳಲ್ಲೂ 10,000 ಲಕ್ಸ್‌ಗೆ ಕಡಿಮೆಯಿಲ್ಲದಷ್ಟು ಬೆಳಕಿರುತ್ತದೆ. ರಾತ್ರಿ ಬಲ್ಬು ಹಾಕಿದ ಕೋಣೆಯಲ್ಲಿ ಕೆಲವು ನೂರು ಅಷ್ಟೇ. ಅಂದರೆ ನೆರಳು ಬೆಳಕಿನ ವಿರುದ್ಧ ಪದವಲ್ಲ, ಬಿಸಿಲಿನ ವಿರುದ್ಧ ಪದ. ಬೆಳಕಿನ ಎದುರು ನಿಲ್ಲುವುದು ಕತ್ತಲೆ. ಆದರೂ 'ನೆರಳು-ಬೆಳಕು' ಅಂತ ಜೋಡಿ ಮಾಡಿ ಹೇಳುವುದು ರೂಢಿಯಾಗಿದೆ, ನಾನೂ ಹೇಳುತ್ತೇನೆ. ಕೈಪಿಡಿಯಲ್ಲಿ ಅದನ್ನು 'ಬಿಸಿಲು-ನೆರಳು' ಅಂತ ಬದಲಿಸಬೇಕು ಅನ್ನಿಸುತ್ತಿದೆ.

ಮೂರನೆಯ ತೊಡಕು ನೆರಳಿನ ಅಂಚಿನದು. ಬಿಸಿಲು ಬೀಳುವ ಕಿಟಕಿಯ ಸರಳಿನ ನೆರಳನ್ನು ಒಮ್ಮೆ ಬಗ್ಗಿ ನೋಡಿ. ಕಿಟಕಿಯ ಕಟ್ಟೆಯ ಮೇಲೆ ಅದು ಗೆರೆ ಎಳೆದ ಹಾಗೆ ಕಪ್ಪಗಿರುತ್ತದೆ. ನೆಲಕ್ಕೆ ಇಳಿದು ದೂರ ಹೋದ ಹಾಗೆ ಅಂಚು ಮೆತ್ತಗಾಗಿ, ಆಚೆ ಗೋಡೆ ಮುಟ್ಟುವಷ್ಟರಲ್ಲಿ ಬರೀ ಬೂದು ಪಟ್ಟಿ. ಸೂರ್ಯ ಚುಕ್ಕೆಯಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ, ಅದಕ್ಕೆ ಹೀಗೆ. ದೂರ ಒಂದು ಮೀಟರ್ ಆದರೆ ಅಂಚು ಸುಮಾರು 9 ಮಿಲಿಮೀಟರ್ ಹರಡುತ್ತದೆ. 12 ಮಿಲಿಮೀಟರ್ ಸರಳಾದರೆ ಸುಮಾರು 1.3 ಮೀಟರ್ ದಾಟಿದ ಮೇಲೆ ನಡುವಿನ ಗಟ್ಟಿ ಕಪ್ಪು ಉಳಿಯುವುದೇ ಇಲ್ಲ. ಗೋಡೆಯ ಮೇಲೆ ಚಿತ್ತಾರ ಬೇಕು ಅನ್ನುವವರು ಜಾಲರಿಯನ್ನು ಹತ್ತಿರ ಇಡಬೇಕು, ಇಲ್ಲವೇ ಪಟ್ಟಿ ದಪ್ಪ ಮಾಡಬೇಕು. ಈ ಮೆತ್ತನೆಯ ಅಂಚಿಗೆ ಗ್ರಹಣದ ಲೆಕ್ಕದಲ್ಲಿ ಬರುವ 'ಅರೆನೆರಳು' ಅನ್ನುವುದನ್ನೇ ತಂದುಕೊಂಡೆ. ಆದರೆ ಓದುವವರು ಅದನ್ನು ಅರ್ಧ ಬಿಸಿಲು ಅರ್ಧ ನೆರಳಿನ ಜಾಗ ಅಂತ ತಿಳಿಯುತ್ತಾರೋ ಅಂತ ಅನುಮಾನ. 'ನಸುನೆರಳು' ವಾಸಿಯೇ?

ಇದಕ್ಕೇ ಅಂಟಿದ ಇನ್ನೊಂದು. ಸಣ್ಣ ತೂತಿನಿಂದ ಬರುವ ಬಿಸಿಲು ನೆಲದ ಮೇಲೆ ದುಂಡಗೆ ಬೀಳುತ್ತದೆ, ತೂತು ಚೌಕವಿದ್ದರೂ ಸರಿ. ಅದು ಸೂರ್ಯನದೇ ಬಿಂಬ, ಪಾರ್ಶ್ವ ಗ್ರಹಣದ ದಿನ ಅದೂ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಧೂಳಿನ ನಡುವೆ ಹೊಳೆಯುತ್ತಾ ಇಳಿಯುವ ಕಿರಣಕ್ಕೆ 'ಬಿಸಿಲುಕೋಲು' ಇದೆ, ಎಂಥ ಚೆಂದದ ಮಾತು. ಆ ಕೋಲಿನ ತುದಿ ನೆಲಕ್ಕೆ ತಾಗಿದಾಗ ಆಗುವ ಗುಂಡಗಿನದಕ್ಕೆ ಏನನ್ನುತ್ತೀರಿ? ನಾನು 'ಬಿಸಿಲ ಬಿಲ್ಲೆ' ಅನ್ನುತ್ತೇನೆ.

ಸ್ಕೈಲೈಟ್‌ಗೆ 'ಬೆಳಕಿಂಡಿ' ಅಂತ ಬರೆದಿದ್ದೇನೆ. ಬೆಳಕು, ಕಿಂಡಿ ಕೂಡಿ ಆದ ಪದ, ಯಾರಿಗೂ ವಿವರಿಸಬೇಕಿಲ್ಲ. ಕಿಂಡಿ ಅಂದರೆ ಸಣ್ಣದು ಅನ್ನುವ ಭಾವ ಇದೆಯಲ್ಲ, ಚಾವಣಿಯಲ್ಲಿ ಎರಡು ಮೀಟರ್ ಅಗಲದ ಗಾಜು ಹಾಕಿದರೂ ಅದು ಬೆಳಕಿಂಡಿಯೇ? (ಗವಾಕ್ಷ ಅಂದರೆ ಹಸುವಿನ ಕಣ್ಣು. ಇಂಗ್ಲಿಷಿನ ವಿಂಡೋ ಕೂಡ ಹಳೆಯ ನಾರ್ಸ್ ಭಾಷೆಯ 'ಗಾಳಿಯ ಕಣ್ಣು' ಅನ್ನುವ ಪದದಿಂದ ಬಂದದ್ದು. ಎರಡು ಕಡೆಯೂ ಕಣ್ಣೇ ಹೊಳೆದಿರುವುದು ನನಗೆ ಬಹಳ ಹಿಡಿಸಿತು.)

ಕೊನೆಗೆ ಒಂದು ವಾಕ್ಯ ಕೊಡುತ್ತೇನೆ. ನಿಘಂಟು ನೋಡದೆ, ಮೇಸ್ತ್ರಿಗೆ ಎದುರು ನಿಂತು ಹೇಳುವ ಹಾಗೆ ನಿಮ್ಮ ಮಾತಲ್ಲಿ ಬರೆದು ಕಳಿಸಿ: 'ಈ ಕೋಣೆಗೆ ಬೆಳಕು ಬರಲಿ, ಬಿಸಿಲು ಬೇಡ, ಆ ಗೋಡೆ ತಂಪು ನೆರಳಲ್ಲಿರಲಿ, ಅದರ ಮೇಲೆ ಜಾಲರಿಯ ಬೀಳುನೆರಳು ಬೇಡ.'